ಹಳೆ ಅಕ್ಕಿಯ ಚೀಲ

ಡಿಸೆಂಬರಿನ ಮೂರನೇ ಭಾನುವಾರ. ಬೆಳಿಗ್ಗೆ ಆರಕ್ಕೆ ಎದ್ದು ಸ್ನಾನಕ್ಕೆ ನೀರು ಕಾಯಲಿಟ್ಟು ಬಂದಾಗ ನಮ್ಮ ಅತ್ತೆ ಹಾಜಿರಾಬೀ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಕತ್ತಲಲ್ಲೇ ಕೂತು ಅಕ್ಕಿ ಅಳೆಯುತ್ತಿದ್ದರು. ಶಾಲನ್ನು ಕಿವಿಯ ಮೇಲಿಂದ ಬಿಗಿಯಾಗಿ ಸುತ್ತಿಕೊಂಡಿದ್ದರು. ಸೇರು ತುಂಬುವ ಸದ್ದು ಮಾತ್ರ ಕೇಳುತ್ತಿತ್ತು.

“ಲೈಟ್ ಹಾಕ್ಲೇನ್ರಿ ಅಮ್ಮಾ?”

“ಬ್ಯಾಡ. ಅಕ್ಕಿ ಅಳಿಯಾಕ ಲೈಟ್ ಯಾಕ ಬೇಕು? ನಲವತ್ತು ವರ್ಷದಿಂದ ಇದ ಮೂಲಿಯಾಗ ಕುಂತು ಅಳದೀನಿ.”

ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಆದರೆ ಅಮ್ಮ ತುರ್ವಿಹಾಳದ ಓಣಿಯಲ್ಲಿ ಬೆಳೆದವರು. ಸಿಟ್ಟು, ಹಟ, ಅಡುಗೆ, ಈ ಮೂರಕ್ಕೂ ಅವರಿಗೆ ಕನ್ನಡವೇ ಬೇಕು. ಆ ದಿನ ಮೂರೂ ಇದ್ದವು.

ಅಡುಗೆ ಇದ್ದದ್ದು ಲಿಂಗಸುಗೂರಿನಲ್ಲಿ, ನನ್ನ ನಾದಿನಿ ನಗ್ಮಾಳ ಮನೆಯಲ್ಲಿ. ಅವಳ ಮಗಳು ಮಾಹಿರಾಗೆ ಆ ದಿನಕ್ಕೆ ಸರಿಯಾಗಿ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ. ಮಗುವಿನ ಬಾಯಿಂದ ಮೊದಲ ಅಕ್ಷರ ಹೇಳಿಸುವ ಬಿಸ್ಮಿಲ್ಲಾ ನಮ್ಮಲ್ಲಿ ಆ ದಿನವೇ ಆಗಬೇಕು. ನಲವತ್ತು ಜನರ ಊಟ. ಮಸಾಲೆಯ ಒಗ್ಗರಣೆ ಹಾಕಿ ಮಾಡುವ ಬಗಾರಾ ಅನ್ನದ ಅಕ್ಕಿ ತವರುಮನೆಯಿಂದ ಹೋಗಬೇಕು, ಬಗಾರಾ ಮಾಡುವವರು ಅಮ್ಮನೇ ಆಗಬೇಕು. ಇದು ನಮ್ಮ ಮನೆಯ ಕಟ್ಟಳೆ.

ಬಗಾರಾಗೆ ಹಳೆ ಅಕ್ಕಿಯೇ ಆಗಬೇಕೆಂಬುದು ನಮ್ಮ ಕಾಲುವೆ ಸೀಮೆಯಲ್ಲಿ ಕೂಸಿಗೂ ಗೊತ್ತು. ಹೊಸ ಅಕ್ಕಿ ನೋಡಲು ಬೆಳ್ಳಗೆ ಮಿರಮಿರ ಮಿಂಚುತ್ತದೆ, ಬೇಯಿಸಿದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಹಳೆಯದು ಸ್ವಲ್ಪ ಹಳದಿ, ಬೆಂದರೆ ಅಗಳು ಅಗಳು ಬಿಡಿ. ಅದಕ್ಕೇ ತುರ್ವಿಹಾಳದ ನಮ್ಮ ಹೊಲದ ಅಕ್ಕಿಯಲ್ಲಿ ಒಂದು ಚೀಲವನ್ನು ವರ್ಷವಿಡೀ ಬೇರೆ ಇಡುತ್ತೇವೆ. ಈ ಸುಗ್ಗಿಯ ಹೊಸ ಅಕ್ಕಿಯನ್ನು ನಮ್ಮ ಮನೆಯವರು ಇಶ್ತಿಯಾಕ್ ಹಿಂದಿನ ವಾರವಷ್ಟೇ ತಂದಿದ್ದರು. ಅವರು ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಭತ್ತದ ಕಾಲದಲ್ಲಿ ಅವರಿಗೆ ಭಾನುವಾರವೆಂಬುದೇ ಇಲ್ಲ.

ಹಟ ಇದ್ದದ್ದು ಬೇರೆ ಮಾತಿಗೆ. ಅದೇ ಭಾನುವಾರ ಲಿಂಗಸುಗೂರಿನ ಒಂದು ಶಾಲೆಯಲ್ಲಿ ಕಣ್ಣಿನ ತಪಾಸಣೆಯ ಕ್ಯಾಂಪ್ ಇತ್ತು. ಮಧ್ಯಾಹ್ನ ಮೂರರ ತನಕ ಹೆಸರು ಬರೆದುಕೊಳ್ಳುತ್ತಾರೆ, ಪೊರೆ ಬಂದವರನ್ನು ಸೋಮವಾರ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿ ಕಳಿಸುತ್ತಾರೆ. ಕಣ್ಣಿನ ಆಪರೇಷನ್ನು ಥಂಡಿ ದಿನಗಳಲ್ಲೇ ಆಗಬೇಕೆಂದು ನಮ್ಮ ಕಡೆ ನಂಬಿಕೆ. ಈ ಚಳಿ ತಪ್ಪಿದರೆ ಅಮ್ಮ “ಬಿಸಲಾಗ ಬ್ಯಾಡ” ಎನ್ನುತ್ತಾರೆ, ಮತ್ತೆ ಒಂದು ವರ್ಷ ಹೋಗುತ್ತದೆ. ಪೊರೆ ಬಲಿತಷ್ಟೂ ಕಷ್ಟ ಎಂದು ನಮ್ಮ ಡಾಕ್ಟರು ಹೋದ ಚಳಿಗಾಲದಲ್ಲೇ ಹೇಳಿದ್ದರು. ಅಮ್ಮನ ಆಧಾರ್ ಕಾರ್ಡು, ಹಳೆಯ ಚೀಟಿಗಳನ್ನು ಅವರ ಎದುರಿಗೇ ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಕದ್ದು ಮಾಡುವಂಥದ್ದೇನೂ ಇರಲಿಲ್ಲ.

“ಹಾಕ್ಕೋ, ಹಾಕ್ಕೋ. ಭಾರ ನಿನಗ. ನಾ ಬರೋದು ಬಗಾರಾ ಮಾಡಾಕ, ಕಣ್ಣು ತೋರ್ಸಾಕಲ್ಲ.”

“ಒಂದ್ಸಲ ತೋರಿಸಿದ್ರ ಏನಾಗತೈತ್ರಿ ಅಮ್ಮಾ?”

“ನನಗ ಎಲ್ಲಾ ಕಾಣ್ತೈತಿ. ಆಪರೇಷನ್ ಆದ್ರ ನಲವತ್ತು ದಿನ ಒಲಿ ಮುಂದ ಹೋಗಂಗಿಲ್ಲ. ನಲವತ್ತು ದಿನ ಖಾಲಿ ಬಿಟ್ಟ ಒಲಿ ಯಾರದಾಗತೈತಿ ಅಂತ ನನಗ ಗೊತ್ತಿಲ್ಲೇನು?”

ಎಲ್ಲಾ ಕಾಣುತ್ತದೆ ಎಂಬುದನ್ನು ಅಲ್ಲಗಳೆಯಲು ನನಗೂ ಆಗುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಿದ್ದರು ನಿಜ. ಆದರೆ ಮನೆಯೊಳಗೆ ಒಂದು ದಿನವೂ ಎಡವಿದವರಲ್ಲ. ಉಪ್ಪಿನ ಡಬ್ಬಿಗೆ ಕೈಯಿಟ್ಟರೆ ಉಪ್ಪಿನ ಡಬ್ಬಿಯೇ ಸಿಗುತ್ತಿತ್ತು. “ಅಮ್ಮಗೆ ನನಗಿಂತ ಛಲೋ ಕಾಣ್ತೈತಿ, ಬಿಡು” ಎಂದು ಇಶ್ತಿಯಾಕ್ ನಗುತ್ತಿದ್ದರು.

ಪಿಯುಸಿ ಓದುವ ಮಗಳು ಸಮ್ರೀನಳಿಗೆ ಹಾಲು, ಅನ್ನ, ಅಪ್ಪನ ಬುತ್ತಿ ಎಲ್ಲ ಹೇಳಿ, ಏಳೂಮುಕ್ಕಾಲರ ಬಸ್ಸು ಹಿಡಿದೆವು. ಹತ್ತುವಾಗ ತುಪ್ಪದ ಡಬ್ಬಿ ನನ್ನ ಕೈ ಜಾರಿ ಬಸ್ಸಿನ ಮೆಟ್ಟಿಲ ಮೇಲೆ ಬಿದ್ದು ಮುಚ್ಚಳ ಹಾರಿಹೋಯಿತು. ಹಿಂದಿದ್ದವರೆಲ್ಲ “ಅಯ್ಯಯ್ಯೋ” ಎಂದರು. ಚಳಿಗೆ ತುಪ್ಪ ಕಲ್ಲಿನಂತೆ ಗಟ್ಟಿಯಾಗಿತ್ತು, ಒಂದು ಹನಿಯೂ ಚೆಲ್ಲಲಿಲ್ಲ. ಇಂದಿನ ದಿನ ಒಳ್ಳೆಯದೇ ಆಗುತ್ತದೆ ಎಂದು ನನಗೆ ಆಗಲೇ ಅನಿಸಿತು.

ಹೆಂಗಸರ ಪುಕ್ಕಟೆ ಟಿಕೆಟ್ಟಿಗೆ ಕಂಡಕ್ಟರು ಆಧಾರ್ ಕೇಳಿದ. ನಾನು ಚೀಲದಲ್ಲಿ ಹುಡುಕುವ ಮೊದಲೇ ಅಮ್ಮ, ಆಧಾರ್ ನನ್ನ ಬಳಿ ಇರುವುದನ್ನು ಮರೆತು, ತಮ್ಮ ಬುರ್ಖಾದ ಜೇಬಿನಿಂದ ಒಂದು ಕಾರ್ಡು ತೆಗೆದು ಠೀವಿಯಿಂದ ಚಾಚಿದರು.

“ಅಜ್ಜೀ, ಇದು ಯಾವುದೋ ಬಂಗಾರದ ಅಂಗಡಿ ಕಾರ್ಡೈತಿ.”

“ಹೌದು, ನಿನಗ ಹೆಣ್ಣು ನೋಡಿದ್ರ ಅಲ್ಲೇ ಹೋಗು, ಕಡಿಮಿಗೆ ಕೊಡ್ತಾರ” ಎಂದುಬಿಟ್ಟರು ಅಮ್ಮ. ಬಸ್ಸಿನಲ್ಲಿ ನಗು. ಕಂಡಕ್ಟರೂ ನಕ್ಕು ನಾನು ತೋರಿಸಿದ ಆಧಾರ್ ನೋಡಿ ಟಿಕೆಟ್ ಹರಿದುಕೊಟ್ಟ. ನಾನು ನಗಲಿಲ್ಲ. ಕಿಟಕಿಯಾಚೆ ಕೊಯ್ದ ಗದ್ದೆಗಳ ಮೇಲೆ ಇನ್ನೂ ಮಂಜಿತ್ತು.

ಮಸ್ಕಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಕಪ್ಪು ಕನ್ನಡಕ ಹಾಕಿದ ಒಬ್ಬ ಮುದುಕಿ ಹತ್ತಿ ನಮ್ಮ ಮುಂದಿನ ಸೀಟಿನಲ್ಲಿ ಕೂತು, ಹಿಂದೆ ತಿರುಗಿ, ಪರಿಚಯವಿದ್ದವರಂತೆ ಮಾತು ತೆಗೆದರು. ಹೆಸರು ಪಾರ್ವತೆಮ್ಮ.

“ಬೀಯಮ್ಮಾ, ನೀವೂ ಕಣ್ಣಿನ ಕ್ಯಾಂಪಿಗೇನ್ರಿ? ನನಗ ಹೋದ ವರ್ಷ ಒಂದು ಕಣ್ಣಾತು, ಈ ವರ್ಷ ಇನ್ನೊಂದು.”

“ನಾ ಯಾಕ ಹೋಗ್ಲಿ? ಮೊಮ್ಮಗಳ ಬಿಸ್ಮಿಲ್ಲಾ ಐತಿ, ಅದಕ್ಕ ಹೊಂಟೀನಿ.”

“ನಾನೂ ಹಿಂಗ ಅಂತಿದ್ದೆ, ನಾ ಯಾಕ ಹೋಗ್ಲಿ ಅಂತ. ಒಂದಿನ ಹೊಲದಾಗ ಎಮ್ಮಿ ಅಂತ ಕರೇ ಬಂಡಿಗಲ್ಲಿಗೆ ಹುಲ್ಲು ಹಾಕಿ, ಬೆನ್ನು ಸವರಿ ಬಂದೆ. ನನ್ನ ಗಂಡ ಇವತ್ತಿಗೂ ಕೇಳ್ತಾನ, ಬಂಡಿಗಲ್ಲು ಎಷ್ಟು ಹಾಲು ಹಿಂಡ್ತಬೇ ಅಂತ.”

ಅಮ್ಮ ತಡೆಯಲಾಗದೆ ನಕ್ಕರು. ಆಮೇಲೆ ಶಾಲು ಸರಿಮಾಡಿಕೊಂಡರು. “ಅಷ್ಟು ಕೆಟ್ಟಿಲ್ಲವ್ವಾ ನನ್ನ ಕಣ್ಣು.”

“ಹಂಗಾದ್ರ ಹೇಳ್ರಿ ನೋಡೂಣು, ನನ್ನ ಸೀರಿ ಬಣ್ಣ ಯಾವುದು?”

“ಸೀರಿ ಬಣ್ಣ ಹೇಳಾಕ ನಾ ಏನು ಬಟ್ಟಿ ಅಂಗಡಿ ಇಟ್ಟೀನೇನು?”

ಪಾರ್ವತೆಮ್ಮ ನನ್ನ ಮುಖ ನೋಡಿದರು. ಕಪ್ಪು ಕನ್ನಡಕದ ಹಿಂದಿನಿಂದಲೇ ಅವರಿಗೆ ನನ್ನದೆಲ್ಲ ತಿಳಿಯಿತೇನೋ. ಲಿಂಗಸುಗೂರಿನಲ್ಲಿ ಇಳಿಯುವಾಗ ಮೆಲ್ಲಗೆ ಹೇಳಿದರು, “ಅಲ್ಲಿ ಭಾಳ ಮಂದಿ ಇರ್ತಾರ ತಂಗಿ. ಮನುಷ್ಯಾರು ನಿಲ್ಲದಿದ್ರೂ ನಡಿತೈತಿ, ಪಾಳಿಯಾಗ ಚಪ್ಪಲಿ, ಚೀಲ ಇಡ್ತಾರ. ನಿಂದೇನರ ಕೊಡು, ನನ್ನ ಹಿಂದ ಇಟ್ಟಿರ್ತೀನಿ. ಆಕಿ ಬಂದ್ರ ಬಂದ್ಳು.”

ತುಪ್ಪದ ಡಬ್ಬಿ ಇಟ್ಟಿದ್ದ ಹಸಿರು ಬಟ್ಟೆಯ ಚೀಲವನ್ನು ಖಾಲಿ ಮಾಡಿ ಕೊಟ್ಟೆ.

ನಗ್ಮಾಳ ಮನೆಯ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಹಂಡೆಯಂಥ ದೊಡ್ಡ ಡೇಗು ಇಟ್ಟಿದ್ದರು. ಹಟ್ಟಿ ಗಣಿಯಲ್ಲಿ ಕೆಲಸ ಮಾಡುವ ಅವಳ ಗಂಡ ಜುಲ್ಫಿಕರ್ ರಾತ್ರಿ ಪಾಳಿ ಮುಗಿಸಿ ಬಂದು, ಮಲಗದೆ ಕಟ್ಟಿಗೆ ಒಡೆಯುತ್ತಿದ್ದ. ನಾನು ಈರುಳ್ಳಿ ಹುರಿಯಲು ಕೂತೆ. ಅಮ್ಮ ದಾಲ್ಚಾಕ್ಕೆ ಬೇಳೆ, ಸೋರೆಕಾಯಿ ನೋಡಿಕೊಂಡರು. ನಗ್ಮಾ ನಲ್ಲಿಯ ಬಳಿ ಅಕ್ಕಿ ತೊಳೆದಳು.

“ಭಾಬೀ, ಈ ಸಲ ಅಕ್ಕಿ ಎಷ್ಟು ಬೆಳ್ಳಗೈತಿ, ಮಲ್ಲಿಗಿ ಮೊಗ್ಗಿನಂಗ!” ಎಂದು ಕೂಗಿ ಹೇಳಿದಳು.

ಈರುಳ್ಳಿ ಕೆಂಪಾಗುವ ಹೊತ್ತು. ಒಂದು ಕ್ಷಣ ತಪ್ಪಿದರೆ ಕಪ್ಪಾಗುತ್ತದೆ. “ಹೂಂ” ಎಂದೆ, ಅಷ್ಟೇ. ಅಂಗಡಿಯ ಅಕ್ಕಿ ತಿಂದು ರೂಢಿಯಾದ ನಗ್ಮಾಗೆ ಬಿಳುಪೇ ಚಂದ. ನನಗಾದರೂ ಕಿವಿ ನೆಟ್ಟಗಾಗಬೇಕಿತ್ತು.

ಹನ್ನೊಂದೂವರೆಗೆ ಅಕ್ಷರ ಹೇಳಿಸುವ ಹಜರತರು ಬಂದರು. ಜರಿಯ ಟೊಪ್ಪಿಗೆ ಹಾಕಿಕೊಂಡ ಮಾಹಿರಾ “ಬಿಸ್ಮಿಲ್ಲಾ” ಎಂದವಳು, ಇನ್ನೂ ಹೇಳು ಎಂದರೆ “ಮೊದಲು ಲಡ್ಡು” ಎಂದಳು. ಎಲ್ಲರೂ ನಕ್ಕರು, ದುವಾ ಆಯಿತು, ಲಡ್ಡು ಹಂಚಿದರು. ಅಮ್ಮ ಮೊಮ್ಮಗಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಹಳ ಹತ್ತಿರ ತಂದು ನೋಡಿದರು. ಪ್ರೀತಿಗೆ ಹಾಗೆ ನೋಡುತ್ತಿದ್ದಾರೆಂದು ಎಲ್ಲರಂತೆ ನಾನೂ ಅಂದುಕೊಂಡೆ.

ಹನ್ನೆರಡಕ್ಕೆ ಅಮ್ಮ ಹಿತ್ತಲಿಗೆ ಬಂದು ಸೊಂಟಕ್ಕೆ ಸೆರಗು ಸಿಕ್ಕಿಸಿ, ನೆನೆದ ಅಕ್ಕಿಯ ಬೋಗುಣಿಯಲ್ಲಿ ಕೈಯಾಡಿಸಿದರು. ಕೈ ಅಲ್ಲೇ ನಿಂತಿತು. ಒಂದು ಅಗಳು ತೆಗೆದು ಮುಂದಿನ ಹಲ್ಲಿನಲ್ಲಿ ಕಚ್ಚಿದರು. ಇನ್ನೊಂದು ತೆಗೆದು ಕಚ್ಚಿದರು.

“ಇದು ಹೊಸದು.”

ಒಲೆಯ ಮೇಲೆ ಮಸಾಲೆ ಸಿಡಿಯುತ್ತಿತ್ತು.

“ಏನಂದಿ ಅಮ್ಮಾ? ಹೊಸದಾ? ಒಂದೂವರಿಗೆ ಮಂದಿ ಕುಂದ್ರತಾರ!” ನಗ್ಮಾ ಬೋಗುಣಿಯತ್ತ ಓಡಿಬಂದಳು. ಅವಳ ಗಂಡನ ಕಡೆಯವರೆಲ್ಲ ಹಟ್ಟಿಯಿಂದ ಬಂದು ಹೊರಗೆ ಕೂತಿದ್ದರು. “ಆರು ಸೇರು! ಮುದ್ದಿ ಆಗತೈತಿ. ಜುಲ್ಫಿಕರನ್ನ ಕರಿಬಸಪ್ಪನ ಅಂಗಡಿಗೆ ಓಡಸ್ತೀನಿ.”

ಆಗ ನನಗೆ ಶುಕ್ರವಾರ ನೆನಪಾಯಿತು. ಹೆಗ್ಗಣ ಮೂಲೆ ಕೆದರಿತ್ತು. ಕೋಣೆ ತೊಳೆಯಲು ನಾನು ಎರಡೂ ಚೀಲ ಹೊರಗೆಳೆದಿದ್ದೆ. ವಾಪಸು ಇಡುವಾಗ ಸೊಂಟ ಹಿಡಿದಿತ್ತು, ಕೈಗೆ ಮೊದಲು ಸಿಕ್ಕಿದ ಹೊಸ ಚೀಲ ಎಡಕ್ಕೆ ಹೋಯಿತು, ಹಳೆಯದು ಬಲಕ್ಕೆ. ವರ್ಷಗಳಿಂದ ಎಡಗಡೆಯದೇ ಹಳೆ ಅಕ್ಕಿ. ಅಮ್ಮ ಕತ್ತಲಲ್ಲಿ ಕೂತು ಎಡಗಡೆಯ ಚೀಲದಿಂದ ಅಳೆದಿದ್ದರು.

ಆ ಕ್ಷಣದಲ್ಲಿ ನನಗೆ ಎಲ್ಲ ತಿಳಿಯಿತು. ಅಮ್ಮ ಮನೆಯಲ್ಲಿ ಎಡವದಿದ್ದದ್ದು ಕಣ್ಣಿನ ಬಲದಿಂದಲ್ಲ, ನೆನಪಿನ ಬಲದಿಂದ. ಉಪ್ಪಿನ ಡಬ್ಬಿ, ಹೊಸ್ತಿಲು, ಮಂಚದ ಕಾಲು ಎಲ್ಲ ಅವರಿಗೆ ಬಾಯಿಪಾಠ. ಇಟ್ಟ ಸಾಮಾನು ಇಟ್ಟಲ್ಲೇ ಇರಬೇಕೆಂಬ ನನ್ನ ಅಚ್ಚುಕಟ್ಟು ಅವರ ಗುಟ್ಟನ್ನು ಇಷ್ಟು ದಿನ ಕಾಪಾಡಿತ್ತು.

ಈಗ ನಾನು ಸುಮ್ಮನಿದ್ದರೆ ತಪ್ಪು ಪೂರ್ತಿ ಅವರ ಕಣ್ಣಿನ ಮೇಲೆ ಬೀಳುತ್ತದೆ, ಕ್ಯಾಂಪಿಗೆ ಕರೆದೊಯ್ಯುವುದು ಸುಲಭವಾಗುತ್ತದೆ. ನಿಜ ಹೇಳಿದರೆ ಅವರಿಗೆ ಒಳ್ಳೆಯ ನೆಪ ಸಿಗುತ್ತದೆ, ನನ್ನ ಚಳಿಗಾಲ ಕೈತಪ್ಪುತ್ತದೆ. ಅಮ್ಮನ ಮುಖ ನೋಡಿದೆ. ಅಗಳನ್ನು ಇನ್ನೂ ಬೆರಳಲ್ಲಿ ಹಿಡಿದಿದ್ದರು. ಅಂಥ ಸಣ್ಣ ಮುಖವನ್ನು ನಾನು ಮದುವೆಯಾಗಿ ಬಂದ ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ.

“ತಪ್ಪು ನಂದ್ರಿ ಅಮ್ಮಾ. ಶುಕ್ರವಾರ ಕೋಣಿ ತೊಳಿಯಾಕ ಚೀಲ ಸರಿಸಿದ್ದೆ. ಎಡಕ್ಕಿದ್ದದ್ದು ಬಲಕ್ಕ ಇಟ್ಟೀನಿ. ನಿಮಗ ಹೇಳಲಿಲ್ಲ.”

“ಏನ್ ಭಾಬೀ ನೀವು! ಇವತ್ತ ಹಿಂಗ ಮಾಡೂದಾ?” ಎಂದಳು ನಗ್ಮಾ. ಅವಳ ಕಣ್ಣಲ್ಲಿ ನೀರಾಡಿತು. ಅಮ್ಮನಿಗೆ ಅಷ್ಟು ಸಾಕಿತ್ತು. “ಹೌದಲ್ಲ” ಎಂದು ನನ್ನ ಮೇಲೆ ಸಿಡುಕಿ ಮುಗಿಸಬಹುದಿತ್ತು.

ಅಮ್ಮ ಅಗಳನ್ನು ಬೋಗುಣಿಗೆ ಹಾಕಿದರು.

“ಆಕಿಗ್ಯಾಕ ಬೈತೀಬೇ? ಚೀಲ ಎಡಕ್ಕಿದ್ರೇನು, ಬಲಕ್ಕಿದ್ರೇನು? ಕಣ್ಣಿದ್ದಾಕಿಗೆ ಅಕ್ಕಿ ಬಣ್ಣ ಕಾಣ್ತಿರಲಿಲ್ಲೇನು?”

ಹಾಗೆಂದವರೇ ದನಿ ಏರಿಸಿದರು. “ಕರಿಬಸಪ್ಪನ ಅಂಗಡಿ ಹೆಸರು ತಗೀಬ್ಯಾಡ. ತವರಿನ ಅಕ್ಕಿ ನೆನಿಯಾಕಿಟ್ಟು ಅಂಗಡಿ ಅಕ್ಕಿ ಬೇಯಸ್ತಾರೇನು? ಡೇಗಿನ ಮಸಾಲಿ ಕೆಳಗಿಳಸ್ರಿ. ಇನ್ನೊಂದು ಡೇಗಿನಾಗ ನೀರು ಕುದಿಯಾಕಿಡ್ರಿ, ಭರಪೂರ. ಎರಡು ಲಿಂಬಿ ಹಣ್ಣು, ಒಂದು ಸೌಟು ಎಣ್ಣಿ. ಬಸಿದು ದಮ್ಮು ಕೊಡೂಣು.”

ಹೊಸ ಅಕ್ಕಿಯನ್ನು ಮಸಾಲೆಯ ನೀರಿನಲ್ಲೇ ಬೇಯಲು ಬಿಟ್ಟರೆ ಕೆಟ್ಟಿತು. ಅದನ್ನು ಬೇರೆ ನೀರಿನಲ್ಲಿ ಅರೆಬೇಯಿಸಿ, ಗಂಜಿ ಬಸಿದು, ಮಸಾಲೆಯ ಮೇಲೆ ಹರಡಿ ಮುಚ್ಚಬೇಕು. ಬಸಿಯುವ ಹೊತ್ತೇ ಎಲ್ಲ. ಅಗಳಿನ ನಡುವೆ ಸಾಸಿವೆಯಷ್ಟು ಬಿಳಿ ಚುಕ್ಕಿ ಉಳಿದಿರುವಾಗ ಡೇಗು ಇಳಿಯಬೇಕು. ಚುಕ್ಕಿ ಮಾಯವಾದ ಮೇಲೆ ಇಳಿಸಿದರೆ ಮುದ್ದೆಯೇ. ಹಳೆ ಅಕ್ಕಿಯನ್ನು ಬೆರಳಲ್ಲಿ ಒತ್ತಿ ಹೇಳಬಹುದು. ಹೊಸದು ಹೊರಗೆ ಬೇಗ ಮೆತ್ತಗಾಗಿ ಬೆರಳಿಗೆ ಸುಳ್ಳು ಹೇಳುತ್ತದೆ.

ಅಕ್ಕಿ ಬಿತ್ತು, ನೀರು ಉಕ್ಕಿತು. ಅಮ್ಮ ಸೌಟಿನಲ್ಲಿ ನಾಲ್ಕು ಅಗಳು ತೆಗೆದು ಬಿಸಿಲಿಗೆ ಹಿಡಿದರು. ಹತ್ತಿರ ತಂದರು, ದೂರ ಹಿಡಿದರು. ಆಮೇಲೆ ಸೌಟನ್ನು ನನ್ನ ಕಡೆ ಚಾಚಿದರು.

“ವಸೀಮಾ, ಚುಕ್ಕಿ ನೀ ನೋಡು. ನನಗ ಬರೇ ಮಂಜು.”

ಇಪ್ಪತ್ತು ವರ್ಷದಲ್ಲಿ ಅವರ ಸೌಟು ನನ್ನ ಕೈಗೆ ಬಂದದ್ದು ಅದೇ ಮೊದಲು. ಅಗಳು ಒಡೆದು ನೋಡಿದೆ.

“ಜ್ವಾಳದ ಕಾಳಿನಷ್ಟು ಐತ್ರಿ.”

“ಇನ್ನೂ ತಡಿ. ಇಪ್ಪತ್ತು ಎಣಿಸು.”

ಎಣಿಸಿದೆ. ಮತ್ತೆ ನೋಡಿದೆ. “ಸಾಸಿವಿ.”

“ಇಳಸು!” ಎಂದು ಅಮ್ಮ ಕೂಗಿದ ಧಾಟಿಗೆ ಜುಲ್ಫಿಕರ್ ಮನೆಗೆ ಬೆಂಕಿ ಬಿದ್ದವನಂತೆ ಓಡಿಬಂದ. ಇಬ್ಬರೂ ಬಟ್ಟೆ ಹಿಡಿದು ಡೇಗು ಬಗ್ಗಿಸಿದೆವು. ಆವಿಯಲ್ಲಿ ನನ್ನ ಮುಖವೆಲ್ಲ ಒದ್ದೆ.

ಒಂದೂಮುಕ್ಕಾಲಿಗೆ ಊಟದ ಹಾಸು ದಸ್ತರಖಾನ ಹಾಸಿದೆವು. ಬಗಾರಾ ಎಂದಿನಷ್ಟು ಬಿಡಿಯಾಗಿರಲಿಲ್ಲ, ನಿಜ. ಮುದ್ದೆಯೂ ಆಗಿರಲಿಲ್ಲ. ನಗ್ಮಾಳ ಅತ್ತೆ ಖಾತೂನ್‌ಬೀ ಎರಡನೇ ಸಲ ಬಡಿಸಿಕೊಳ್ಳುತ್ತ ಹೇಳಿದರು, “ಹಾಜಿರಾಬೀ, ಪ್ರತಿ ಸಲ ನಿಮ್ಮ ಬಗಾರಾ ನನ್ನ ಹಲ್ಲಿನ ಮ್ಯಾಲ ಹೊಡೀತಿತ್ತು. ಇವತ್ತರ ಮುದುಕರ ಮ್ಯಾಲ ಕರುಣಾ ಬಂತಲ್ಲ!”

“ನಿಮ್ಮ ಹಲ್ಲಿಗಂತನ ಮಾಡಸೀನ್ರಿ” ಎಂದರು ಅಮ್ಮ. “ಸೌಟು ನಮ್ಮ ವಸೀಮಾಂದು.”

ಎರಡೂವರೆಗೆ ನಾನು ಎಂಜಲು ತಟ್ಟೆ ಎತ್ತುತ್ತಿದ್ದಾಗ ಅಮ್ಮ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

“ಆ ಭಾರದ ಚೀಲ ಎಲ್ಲೈತಿ? ಮೂರಕ್ಕ ಮುಚ್ಚತಾರ ಅಂದಿದ್ದಿಲ್ಲೇನು?”

ತಟ್ಟೆಗಳನ್ನು ಅಲ್ಲೇ ಬಿಟ್ಟೆ. ಆಟೋ ಹಿಡಿದು ಶಾಲೆ ಮುಟ್ಟಿದಾಗ ಮೂರಕ್ಕೆ ಹತ್ತು ನಿಮಿಷ. ಪಾಳಿ ಗೇಟಿನ ತನಕ ಇತ್ತು. ಕಾವಲುಗಾರನಂತೆ ಮುಂದೆ ನಿಂತಿದ್ದ ಒಬ್ಬ ಸ್ವಯಂಸೇವಕ, ಇನ್ನು ಹತ್ತು ಹೆಸರು ಮಾತ್ರ ಎನ್ನುತ್ತಿದ್ದ. ಅಷ್ಟರಲ್ಲಿ ಮೇಜಿನ ಹತ್ತಿರದಿಂದಲೇ ಕೂಗು ಬಂತು.

“ಬೀಯಮ್ಮಾ! ಈ ಕಡೆ ಬರ್ರಿ! ನಿಮ್ಮ ಚೀಲ ಮುಂಜಾನಿಂದ ನಿಂತು ನಿಂತು ಕಾಲು ನೋಯಿಸ್ಕೊಂಡೈತಿ!”

ಚಪ್ಪಲಿಗಳ ಸಾಲಿನಲ್ಲಿ ನನ್ನ ಹಸಿರು ಚೀಲ, ಹಾರಬಾರದೆಂದು ಮೇಲೊಂದು ಕಲ್ಲು ಹೊತ್ತು ಕೂತಿತ್ತು. ಪಾರ್ವತೆಮ್ಮನ ತಪಾಸಣೆ ಮುಗಿದು ಗಂಟೆಯಾಗಿತ್ತಂತೆ. ಹಿಂದಿನವರನ್ನು ಮುಂದೆ ಬಿಡುತ್ತ, ಚೀಲದ ಜಾಗ ಕಾಯಲೆಂದೇ ಅಲ್ಲಿದ್ದರು. ಅಮ್ಮ ಅವರ ಕೈ ಹಿಡಿದು ಸೀರೆಯನ್ನು ಕಣ್ಣಿಗೆ ಹತ್ತಿರ ತಂದುಕೊಂಡರು.

“ಹಸರು ಬಣ್ಣ ಏನು?”

“ನೀಲಿ ರೀ.”

“ಬುಧವಾರ ಪಟ್ಟಿ ಬಿಚ್ಚಿದ ಮ್ಯಾಲ ಹೇಳ್ತೀನಿ ತಗೋ.”

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ದೀಪ ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ, ಮೊದಲು ಬಲಗಣ್ಣು ಮಾಡೋಣ, ತಡವೇನೂ ಆಗಿಲ್ಲ ಎಂದಳು. ಆ ಕೊನೆಯ ಮಾತನ್ನು ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. “ಯಾವಾಗಿಂದ ಮಂಜು ಐತಜ್ಜಿ?” ಎಂದು ಡಾಕ್ಟರಮ್ಮ ಕೇಳಿದಳು.

“ಹೋದ ರಂಜಾನಿನಿಂದ” ಎಂದರು ಅಮ್ಮ. “ಎಲ್ಲರೂ ಮಾಳಗಿ ಮ್ಯಾಲ ಹತ್ತಿ ಅಗೋ ಚಂದ್ರ ಅಂದ್ರು. ನಾನೂ ಅಗೋ ಅಂದೆ. ನನಗ ಕಾಣಲಿಲ್ಲ.”

ಆ ಸಂಜೆ ಮಾಳಿಗೆಯ ಮೇಲೆ ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಅವರು ಬೆರಳು ಮಾಡಿ ತೋರಿಸಿದ್ದು ಸರಿಯಾದ ದಿಕ್ಕಿಗೇ ಇತ್ತು.

ಸೋಮವಾರ ಬೆಳಿಗ್ಗೆ ಹೋಗಬೇಕಾದ್ದರಿಂದ ಅಮ್ಮ ನಗ್ಮಾಳ ಮನೆಯಲ್ಲೇ ಉಳಿದರು. ಮರುದಿನ ಜುಲ್ಫಿಕರ್‌ಗೆ ವಾರದ ರಜೆ, ಅವನೇ ಜೊತೆಗೆ ಹೋಗುತ್ತೇನೆಂದ. ನಾನು ಹೊರಡುವಾಗ ಅಮ್ಮ ಬಾಗಿಲ ತನಕ ಬಂದರು.

“ನಲವತ್ತು ದಿನ. ನಲವತ್ತೊಂದನೇ ದಿನ ಒಲಿ ನಂದು.”

“ನಿಮ್ದ ರೀ ಅಮ್ಮಾ.”

“ಅಲ್ಲೀತನ ಯಾರರ ಬಂದ್ರ ನೀನ ಬಗಾರಾ ಮಾಡು. ಚುಕ್ಕಿ ನೋಡಾಕ ಕಲ್ತೀಯಲ್ಲ.” ಸ್ವಲ್ಪ ತಡೆದು ಸೇರಿಸಿದರು, “ಉಪ್ಪು ಮಾತ್ರ ನೋಡಿ ಹಾಕು. ನಿಂದು ಕೈ ಭಾರ.”

ಮಸ್ಕಿ ದಾಟುವಾಗ ಸಂಜೆಯ ಬಿಸಿಲು ಗದ್ದೆಯ ಕೂಳೆಗಳ ಮೇಲೆ ಬಿದ್ದಿತ್ತು. ಮನೆ ಮುಟ್ಟಿದಾಗ ಸಮ್ರೀನ್ ಪುಸ್ತಕ ಹಿಡಿದೇ ಬಾಗಿಲು ತೆರೆದಳು, ಹಾಲು ಉಕ್ಕಿಸಿದ ವಾಸನೆ ಇನ್ನೂ ಅಡುಗೆಮನೆಯಲ್ಲಿತ್ತು. ತಲೆತುಂಬ ತೌಡಿನ ಧೂಳು ಹೊತ್ತು ಬಂದ ಇಶ್ತಿಯಾಕ್ ಚಪ್ಪಲಿ ಬಿಡುವ ಮೊದಲೇ ಕೇಳಿದರು, “ಅಮ್ಮ ಒಪ್ಪಿದ್ಳಾ? ಹೆಂಗ ಒಪ್ಪಿಸ್ದಿ?”

“ನಾ ಅಲ್ಲ. ನೀವು ತಂದ ಹೊಸ ಅಕ್ಕಿ ಒಪ್ಪಿಸ್ತು” ಎಂದು ಎಲ್ಲ ಹೇಳಿದೆ.

ಸಮ್ರೀನ್ ಹಿಂದಿನ ಕೋಣೆಯ ಲೈಟ್ ಹಾಕಿ ಚೀಲಗಳ ಮುಂದೆ ನಿಂತಳು. “ಅಮ್ಮೀ, ಹಳೇ ಅಕ್ಕಿ ಚೀಲ ಮತ್ತ ಎಡಕ್ಕ ಎಳೀಲೇನು? ದಾದೀಮಾ ಬಂದಾಗ ಮತ್ತ ತಪ್ಪಾಗತೈತಿ.”

ಎಡಗಡೆಯ ಚೀಲ ಬಾಯಿ ತೆರೆದುಕೊಂಡಿತ್ತು. ಬೆಳಿಗ್ಗೆ ಅಮ್ಮ ಅಳೆದ ಸೇರು ಅದರೊಳಗೇ ಇತ್ತು. ಸೇರು ತೆಗೆದು ಒರೆಸಿ ಗೂಡಿನಲ್ಲಿಟ್ಟೆ, ಚೀಲದ ಬಾಯಿ ಕಟ್ಟಿದೆ.

“ಬ್ಯಾಡ, ಅಲ್ಲೇ ಇರಲಿ” ಎಂದೆ. “ಯಾವುದು ಹಳೇದು ಯಾವುದು ಹೊಸದು, ನಿಮ್ಮ ದಾದೀಮಾನೇ ನೋಡಿ ಹೇಳ್ತಾರ.”